ಊಟಕ್ಕೆ ಅರ್ಧ ಗಂಟೆ ಮೊದಲು

ಬಾಟಲಿಯನ್ನು ಕುಲುಕಬಾರದು ಎಂದು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದ್ದೆನೋ ನನಗೇ ನೆನಪಿಲ್ಲ. ಆದರೂ ನಮ್ಮ ಸಿಸ್ಟರ್ ಅದನ್ನು ಫ್ರಿಜ್ಜಿನಿಂದ ತೆಗೆದವರೇ, ಮಕ್ಕಳ ಕೆಮ್ಮಿನ ಸಿರಪ್ಪನ್ನು ಕುಲುಕುವ ಹಾಗೆ ಎರಡು ಸಲ ಜೋರಾಗಿ ಕುಲುಕಿಬಿಟ್ಟರು. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗಿತ್ತು. ತಿಳಿ ನೀರಿನಂತಿದ್ದ ಔಷಧಿಯ ಮೇಲೆ ನೊರೆ ಎದ್ದಿತು, ನನ್ನ ಪಿತ್ತ ನೆತ್ತಿಗೇರಿತು. ಅದರೊಳಗಿರುವುದು ಪ್ರೋಟೀನು, ಕುಲುಕಿದರೆ ಗಂಟುಗಟ್ಟಿ ಕೆಟ್ಟುಹೋಗುತ್ತದೆ ಎಂದು ಹಿಂದಿನ ದಿನವೇ ಪಾಠ ಮಾಡಿದ್ದೆ. ಕೂಗಾಡಿದೆ. ಆಮೇಲೆ ಇಬ್ಬರೂ ಮೇಜಿನ ಮುಂದೆ ನೊರೆ ಇಳಿಯುವುದನ್ನೇ ಕಾಯುತ್ತ ಅರ್ಧ ಗಂಟೆ ಕೂತೆವು. ಇಳಿದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಕಣ ಏನೂ ಕಾಣಲಿಲ್ಲ. ಬೆಂಗಳೂರಿನ ನರರೋಗ ತಜ್ಞರಿಗೆ ಫೋಟೋ ಕಳಿಸಿದೆ. ತಿಳಿಯಾಗಿದ್ದರೆ ಕೊಡಬಹುದು, ಎರಡನೆಯ ಬಾಟಲಿಯನ್ನಾದರೂ ಕುಲುಕಬೇಡಿ ಎಂದು ಉತ್ತರ ಬಂತು.

ನಾನು ಡಾಕ್ಟರಾಗಿ ಕೆಲಸ ಮಾಡುವುದು ಅರಸೀಕೆರೆಯ ಹತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಜ್ವರ, ಸಕ್ಕರೆ ಕಾಯಿಲೆ, ಬಿಪಿ, ಹಾವು ಕಡಿದವರು, ತೆಂಗಿನ ಮರದಿಂದ ಬಿದ್ದವರು, ಇಷ್ಟರಲ್ಲೇ ನಮ್ಮ ದಿನ ಮುಗಿಯುತ್ತದೆ. ರಿಟುಕ್ಸಿಮ್ಯಾಬ್ ಎಂಬ ಔಷಧಿ ಈ ಕಟ್ಟಡದೊಳಗೆ ಕಾಲಿಟ್ಟದ್ದು ಅದೇ ಮೊದಲು. ಅದನ್ನು ಎರಡರಿಂದ ಎಂಟು ಡಿಗ್ರಿಯೊಳಗೆ ಇಡಬೇಕು. ನಮ್ಮ ಔಷಧಿ ಫ್ರಿಜ್ಜನ್ನು ತೆರೆದರೆ ಇನ್ಸುಲಿನ್ ಪಕ್ಕದಲ್ಲಿ ಯಾರದೋ ಮೊಸರಿನ ಡಬ್ಬಿ, ಒಂದು ಪಾತ್ರೆ ದೋಸೆ ಹಿಟ್ಟು. ಅವನ್ನೆಲ್ಲ ಹೊರಗಿಡಿಸಿ, ಥರ್ಮಾಮೀಟರ್ ಒಳಗಿಟ್ಟು, ಕರೆಂಟು ಹೋದರೆ ಬಾಗಿಲು ತೆಗೆಯಕೂಡದೆಂದು ಚೀಟಿ ಅಂಟಿಸಿದೆ. ಆ ಚೀಟಿಯನ್ನು ಓದುವುದಕ್ಕೆಂದೇ ಬಾಗಿಲು ತೆಗೆದವರೂ ಇದ್ದರು.

ಔಷಧಿ ಬಂದದ್ದು ಹಳೇಬೀಡಿನ ಹೈಸ್ಕೂಲಿನ ಗಣಿತದ ಟೀಚರಿಗೆ. ನಲವತ್ತರ ಆಸುಪಾಸು, ಮನೆ ಮಾದಿಹಳ್ಳಿ. ಗಂಡನಿಗೆ ಬೇಲೂರಿನಲ್ಲಿ ಕಚೇರಿ ಕೆಲಸ, ಮನೆಯಲ್ಲಿ ಅತ್ತೆ. ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಆ ಅತ್ತೆಯೇ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಸೊಸೆಯ ತಟ್ಟೆಯಲ್ಲಿ ದಿನಾ ಅರ್ಧ ಮುದ್ದೆ ಉಳಿಯತೊಡಗಿದಾಗ ಆಕೆ ಅದನ್ನು ನಖರಾ ಎಂದುಕೊಳ್ಳಲಿಲ್ಲ, ಗಂಟಲಿಗೆ ಏನೋ ಆಗಿದೆ ಎಂದು ಮಗನಿಗೆ ಹೇಳಿದರು. ಅಷ್ಟರಲ್ಲಿ ಟೀಚರಿಗೆ ಮೂರನೇ ಪೀರಿಯಡ್ಡಿನ ಹೊತ್ತಿಗೆ ದನಿ ಮೂಗಿನಲ್ಲಿ ಬರುತ್ತಿತ್ತು. ಸಂಜೆಯಾದರೆ ರೆಪ್ಪೆ ಜೋತುಬೀಳುತ್ತಿತ್ತು, ಬೋರ್ಡಿನ ಮೇಲೆ ಒಂದು ಗೆರೆ ಎಳೆದರೆ ಎರಡು ಕಾಣುತ್ತಿತ್ತು.

ಮಯಸ್ತೇನಿಯಾ ಗ್ರ್ಯಾವಿಸ್. ನರ ಆಜ್ಞೆ ಕೊಡುತ್ತದೆ, ಸ್ನಾಯುವಿಗೆ ಅದು ಮುಟ್ಟುವುದಿಲ್ಲ. ಮುಟ್ಟಬೇಕಾದ ಜಾಗವನ್ನು ನಮ್ಮದೇ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮುಚ್ಚಿಬಿಟ್ಟಿರುತ್ತವೆ. ಇದಕ್ಕೆ ಪಿರಿಡೋಸ್ಟಿಗ್ಮಿನ್ ಎಂಬ ಮಾತ್ರೆಯಿದೆ. ನುಂಗಿದ ಮುಕ್ಕಾಲು ಗಂಟೆಗೆ ಶಕ್ತಿ ಬರುತ್ತದೆ, ಮೂರು ನಾಲ್ಕು ಗಂಟೆಗೆ ಇಳಿದುಹೋಗುತ್ತದೆ. ಅದು ರೋಗವನ್ನು ವಾಸಿಮಾಡುವುದಿಲ್ಲ, ಅವತ್ತಿನ ದಿನವನ್ನು ದಾಟಿಸುತ್ತದೆ ಅಷ್ಟೆ. ರೋಗದ ಬುಡಕ್ಕೆ ಕೈಹಾಕಲು ಸ್ಟೆರಾಯ್ಡ್ ಕೊಟ್ಟರು, ಸಕ್ಕರೆ ಏರಿತು. ಇನ್ನೊಂದು ಮಾತ್ರೆ ಕೊಟ್ಟರು, ಲಿವರ್ ಮುನಿಸಿಕೊಂಡಿತು. ಉಳಿದದ್ದು ರಿಟುಕ್ಸಿಮ್ಯಾಬ್. ಅದು ತಾನೇ ಒಂದು ಪ್ರತಿಕಾಯ, ಕೆಟ್ಟ ಪ್ರತಿಕಾಯಗಳನ್ನು ಹುಟ್ಟಿಸುವ ರಕ್ತಕಣಗಳನ್ನು ಹುಡುಕಿ ನಾಶಮಾಡುತ್ತದೆ. ಫಲ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಇದೂ ಕೈಕೊಟ್ಟರೆ ಉಸಿರಾಟದ ಸ್ನಾಯುಗಳು ಸೋಲುವ ದಿನ ದೂರವಿರಲಿಲ್ಲ. ಟೀಚರಿಗೆ ಅದು ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಬೆಂಗಳೂರಿಗೆ ಬಂದು ಹೋಗುವುದು ಈ ಸ್ಥಿತಿಯಲ್ಲಿ ಕಷ್ಟ, ನೀವೇ ಕೊಡಿ, ನಾನು ಫೋನಿನಲ್ಲಿರುತ್ತೇನೆ ಎಂದು ತಜ್ಞರು ಅಂದರು. ಅವರು ಊರಿನ ರೋಗಿಗಳನ್ನು ವಿಡಿಯೋದಲ್ಲಿ ನೋಡುವುದು ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಹಾಗಾಗಿ ನಮ್ಮದೆಲ್ಲ ಸೋಮವಾರಕ್ಕೇ ಗಂಟುಬಿತ್ತು. ಮೊದಲು ಹೆಪಟೈಟಿಸ್ ಬಿ ಇಲ್ಲವೆಂದು ಖಾತ್ರಿಯಾಗಬೇಕು. ಇದ್ದರೆ ಈ ಔಷಧಿ ಅದನ್ನು ಎಬ್ಬಿಸಿ ಕೂರಿಸುತ್ತದೆ. ನಾನು ಎರಡು ಪರೀಕ್ಷೆ ಬರೆದಿದ್ದೆ, ಲ್ಯಾಬಿನವರು ಒಂದನ್ನೇ ಎರಡು ಸಲ ಮಾಡಿ ಕಳಿಸಿದರು. ಮತ್ತೆ ರಕ್ತ, ಮತ್ತೆ ಹಾಸನ, ಮತ್ತೆ ಹತ್ತು ದಿನ.

ಅಂತೂ ಆ ಸೋಮವಾರ ನೊರೆ ಇಳಿದ ಮೇಲೆ ಡ್ರಿಪ್ ಹಾಕಿದೆವು. ಟೀಚರ್ ಮಂಚದ ಮೇಲೆ ನೆಟ್ಟಗೆ ಕೂತಿದ್ದರು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ತಿಂಡಿ ಆಯ್ತಾ ಎಂದು ಕೇಳಿದೆ, ಆಯ್ತು ಮೇಡಂ ಎಂದರು. ಇನ್‌ಫ್ಯೂಷನ್ ಪಂಪು ಹತ್ತು ನಿಮಿಷ ಓಡಿ ಕೀಂ ಎಂದು ಕೂಗಿ ನಿಂತುಹೋಯಿತು. ಇರುವುದೇ ಒಂದು. ಮಕ್ಕಳಿಗೆ ಹಾಕುವ ಸಣ್ಣ ಹನಿಯ ಸೆಟ್ ತರಿಸಿದೆ. ಅದರಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕ ಸುಲಭ. ಇಪ್ಪತ್ತೈದರಿಂದ ಶುರು, ಅರ್ಧ ಗಂಟೆಗೊಮ್ಮೆ ಏರಿಸಬೇಕು. ಸಿಸ್ಟರ್ ಒಂದು ಕಡೆ ಗಡಿಯಾರ, ಒಂದು ಕಡೆ ಹನಿ ನೋಡುತ್ತ ನಿಂತರು.

ಉಸಿರಿನ ಬಲ ಅಳೆಯಲು ನಮ್ಮಲ್ಲಿ ಯಂತ್ರವಿಲ್ಲ, ಒಂದೇ ಉಸಿರಿಗೆ ಎಣಿಸಲು ಹೇಳುತ್ತೇವೆ. ಒಂದು, ಎರಡು, ಮೂರು, ಉಸಿರು ಮುಗಿಯುವವರೆಗೆ. ಆರೋಗ್ಯವಂತರು ಮೂವತ್ತು, ನಲವತ್ತು ಎನ್ನುತ್ತಾರೆ. ಟೀಚರ್ ಶುರುವಿಗೆ ಹದಿನಾಲ್ಕು ಎಣಿಸಿದರು. ಹತ್ತೂವರೆಗೆ ಹನ್ನೆರಡು. ಹನ್ನೊಂದೂವರೆಗೆ ಹತ್ತು, ಅದೂ ಮೂಗಿನಲ್ಲಿ. ಬಿಪಿ ಸ್ವಲ್ಪ ಇಳಿದಿತ್ತು. ಮೈಮೇಲೆ ದದ್ದಿಲ್ಲ, ತುರಿಕೆಯಿಲ್ಲ, ಚಳಿಜ್ವರವಿಲ್ಲ. ಔಷಧಿ ಒಗ್ಗದಿದ್ದಾಗ ಕಾಣುವ ಒಂದು ಲಕ್ಷಣವೂ ಇಲ್ಲ, ಆದರೆ ಉಸಿರು ಇಳಿಯುತ್ತಿದೆ. ಡ್ರಿಪ್ ನಿಲ್ಲಿಸಿದೆ. ತಜ್ಞರು ರೌಂಡ್ಸಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಹಾಸನಕ್ಕೆ ಕಳಿಸೋಣವೇ, ಆಂಬುಲೆನ್ಸ್ ಕರೆಯೋಣವೇ ಎಂದು ನಾನು ಓಡಾಡುತ್ತಿರುವಾಗ ಸಿಸ್ಟರ್ ತಮ್ಮ ಪಾಡಿಗೆ ಮಧ್ಯಾಹ್ನದ ಮಾತ್ರೆಗಳ ಟ್ರೇ ಹಿಡಿದು ಬಂದು, ಚಾರ್ಟಿನಲ್ಲಿದ್ದಂತೆ ಪಿರಿಡೋಸ್ಟಿಗ್ಮಿನ್ ಕೈಗಿಟ್ಟು ನೀರು ಕೊಟ್ಟು ಹೋದರು. ಒಂದೂಕಾಲಿಗೆ ಟೀಚರ್ ಹದಿನೇಳು ಎಣಿಸಿದರು. ಅರ್ಧ ವೇಗದಲ್ಲಿ ಮತ್ತೆ ಶುರುಮಾಡಿದೆ, ಸಂಜೆ ಆರಕ್ಕೆ ಮುಗಿಯಿತು. ಡ್ರಿಪ್ ನಿಲ್ಲಿಸಿ ನಿಧಾನ ಮಾಡಿದ್ದರಿಂದಲೇ ಉಸಿರು ಸರಿಹೋಯಿತು ಎಂದು ಫೈಲಿನಲ್ಲಿ ಬರೆದು ಸಹಿ ಹಾಕಿದೆ. ಬುದ್ಧಿವಂತೆ ನಾನು.

ಎರಡು ವಾರ ಬಿಟ್ಟು ಎರಡನೇ ಡೋಸು. ಅದೂ ಸೋಮವಾರ. ಈ ಸಲ ಶುರುವಿನಿಂದಲೇ ಆಮೆಯ ವೇಗ. ಆದರೂ ಹನ್ನೊಂದರ ಹೊತ್ತಿಗೆ ಉಸಿರು ಇಳಿಯಿತು, ಒಂದರ ಹೊತ್ತಿಗೆ ಏರಿತು. ಔಷಧಿಯೇ ಈ ಮೈಗೆ ಹೀಗೆ ಎಂದುಕೊಂಡು ಅದನ್ನೂ ಬರೆದೆ.

ಆಮೇಲೆ ಕಾಯುವ ಕೆಲಸ. ಟೀಚರ್ ರಜೆಯ ಮೇಲಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಎಣಿಸಿ ಬರೆದಿಡಿ ಎಂದಿದ್ದೆ. ಪ್ರತಿ ಸೋಮವಾರ ಮೊದಲ ಬಸ್ಸಿಗೆ ಹೊರಟು, ಜಾವಗಲ್ ದಾಟಿ ಅರಸೀಕೆರೆಗೆ ಬಂದು ನನ್ನ ಕೋಣೆಯಲ್ಲಿ ಕೂರುತ್ತಿದ್ದರು. ಬಂದೊಡನೆ ನಾನು ತಿಂಡಿ ಆಯ್ತಾ ಎಂದು ಕೇಳುವುದು, ಅವರು ಆಯ್ತು ಎನ್ನುವುದು, ವಿಡಿಯೋ ಹಚ್ಚುವುದು. ಪರದೆಯ ಮೇಲೆ ತಜ್ಞರು ನೋಡುತ್ತಿದ್ದುದು ಒಂದೇ ಚಿತ್ರ: ರೆಪ್ಪೆ ಅರ್ಧ ಮುಚ್ಚಿದೆ, ಎಣಿಕೆ ಹತ್ತು, ಹನ್ನೊಂದು, ಹತ್ತು. ವಾರಕ್ಕೆ ವಾರ ಅದೇ. ಇನ್ನೂ ಕಾಯೋಣ ಎಂದರು, ಕಾದೆವು. ಕಾದು ಕಾದು ನನಗೆ ಅವರ ಮೇಲೆ, ಔಷಧಿಯ ಮೇಲೆ, ಬಸ್ಸಿನ ಮೇಲೆ, ಕೊನೆಗೆ ಪಾಪ ಟೀಚರ ಮೇಲೂ ಸಿಟ್ಟು ಬರತೊಡಗಿತು. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ರೋಗಿ, ಹೇಳಿದ್ದಕ್ಕೆ ಒಂದಿನಿತೂ ಹೆಚ್ಚುಕಡಿಮೆ ಇಲ್ಲ. ಆದರೂ ಗುಣವಾಗುತ್ತಿಲ್ಲವೆಂದರೆ ಯಾರ ಮೇಲೆ ರೇಗುವುದು ಹೇಳಿ.

ಹತ್ತನೇ ವಾರ ಟೀಚರ್ ಒಂದು ಗ್ರಾಫ್ ಹಾಳೆ ತಂದರು. ದಿನದ ಎಣಿಕೆಗಳನ್ನೆಲ್ಲ ಚುಕ್ಕಿ ಇಟ್ಟು, ಅಳತೆಕೋಲಿನಿಂದ ಗೆರೆ ಎಳೆದು ಜೋಡಿಸಿದ್ದರು. ಕೆಳಗೆ ತಾರೀಕುಗಳು. ಹಲ್ಲು ಮುರಿದ ಬಾಚಣಿಗೆಯಂತೆ ಮೇಲೆ ಕೆಳಗೆ, ಮೇಲೆ ಕೆಳಗೆ. ನನಗೆ ತಲೆ ಚಿಟ್ಟುಹಿಡಿಯಿತು. ಈ ಕಾಯಿಲೆಯಲ್ಲಿ ಏರಿಳಿತ ಇದ್ದದ್ದೇ ಎಂದು ಹಾಳೆಯನ್ನು ಪಕ್ಕಕ್ಕಿಟ್ಟೆ. ಅವರು ಇನ್ನೊಂದು ವಿಷಯ ಹೇಳಿದರು. ಎರಡು ದಿನದ ಹಿಂದೆ, ಶನಿವಾರ ರಾತ್ರಿ ಊಟದಲ್ಲಿ ಅನ್ನ ಗಂಟಲಲ್ಲಿ ಸಿಕ್ಕಿ, ಕೆಮ್ಮಲೂ ಶಕ್ತಿಯಿಲ್ಲದೆ ಕಣ್ಣು ಮೇಲಾಗಿ, ಅತ್ತೆ ಬೆನ್ನಿಗೆ ಗುದ್ದಿ ಉಳಿಸಿದರಂತೆ. ವಿಡಿಯೋದಲ್ಲಿ ಅದನ್ನು ಕೇಳಿದ ತಜ್ಞರು ಹೆಚ್ಚು ಯೋಚಿಸಲಿಲ್ಲ. ರಿಟುಕ್ಸಿಮ್ಯಾಬ್ ಕೆಲಸ ಮಾಡಲಿಲ್ಲ ಎಂದು ಬರೆಯೋಣ, ಮುಂದಿನ ಸೋಮವಾರ ಬೆಂಗಳೂರಿಗೆ ಬಂದು ದಾಖಲಾಗಲಿ, ರಕ್ತದ ಪ್ಲಾಸ್ಮಾ ಬದಲಿಸೋಣ, ಆಮೇಲೆ ಬೇರೆ ಹೊಸ ಪ್ರತಿಕಾಯ ಔಷಧಿ ನೋಡೋಣ ಎಂದರು. ಆ ಹೊಸ ಔಷಧಿ ನಮ್ಮ ಕಡೆಯ ಯಾರ ಕೈಗೂ ಎಟುಕುವಂಥದಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ.

ಪರದೆ ಆರಿದ ಮೇಲೆ ಟೀಚರ್ ಕೇಳಿದರು, "ನನ್ ಮೈಯಲ್ಲೇ ಏನೋ ದೋಷ ಇದೆ ಅಲ್ವಾ ಮೇಡಂ? ಇಷ್ಟು ದೊಡ್ಡ ಔಷಧಿನೂ ಹಿಡೀಲಿಲ್ಲ ಅಂದ್ರೆ?"

ಹಾಗೆಲ್ಲ ಅನ್ನಬಾರದು ಎಂದು ಏನೋ ಒಂದು ಹೇಳಿ ಕಳಿಸಿದೆ.

ಮಾರನೆಯ ದಿನ, ಮಂಗಳವಾರ, ಹನ್ನೊಂದಕ್ಕೆ ಫೋನ್ ಬಂತು. ದಾಖಲಾಗಲು ಯಾವ ಯಾವ ಕಾಗದ ಬೇಕು ಎಂದು ಒಂದು ಹೆಂಗಸಿನ ದನಿ ಕೇಳಿತು. ಸ್ಪಷ್ಟವಾದ, ಗಟ್ಟಿಯಾದ ದನಿ. ತಂಗಿಯೋ ನಾದಿನಿಯೋ ಇರಬೇಕೆಂದು ಯಾರು ಮಾತಾಡ್ತಿರೋದು ಎಂದೆ. "ನಾನೇ ಮೇಡಂ" ಎಂದರು ಟೀಚರ್. ನಾನು ಪೆನ್ನು ಕೆಳಗಿಟ್ಟೆ. ನಿನ್ನೆ ನನ್ನೆದುರು ಕೂತು ಎರಡು ವಾಕ್ಯಕ್ಕೆ ದನಿ ಕಳೆದುಕೊಂಡವರು ಇವರೇ. ಈಗ ಎಣಿಸಿ ಎಂದೆ. ಒಂದೇ ಉಸಿರಿಗೆ ಇಪ್ಪತ್ತೆರಡು ಬಂತು.

ಊಟಕ್ಕೆ ಹೋಗದೆ ಆ ಗ್ರಾಫ್ ಹಾಳೆಯನ್ನು ಹುಡುಕಿ ತೆಗೆದು, ಗೋಡೆಯ ಕ್ಯಾಲೆಂಡರ್ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡೆ. ತಾರೀಕುಗಳ ಕೆಳಗೆ ವಾರಗಳನ್ನು ಬರೆಯುತ್ತ ಹೋದೆ. ತಳಕ್ಕೆ ಬಿದ್ದ ಚುಕ್ಕಿಗಳೆಲ್ಲ ಸೋಮವಾರ ಇಲ್ಲವೇ ಶನಿವಾರ. ಒಂದು ಮಂಗಳವಾರವಿಲ್ಲ, ಒಂದು ಶುಕ್ರವಾರವಿಲ್ಲ. ಕಾಯಿಲೆಗೆ ವಾರ ತಿಥಿ ಗೊತ್ತಾಗುವುದುಂಟೇ? ಸೋಮವಾರ ಬಸ್ಸಿನ ಆಯಾಸ ಎಂದುಕೊಂಡರೆ, ಶನಿವಾರ ಅವರು ಮನೆಬಿಟ್ಟು ಹೊರಗೆ ಹೋಗುವುದೇ ಇಲ್ಲ. ಫೋನ್ ಮಾಡಿದೆ. ಶನಿವಾರ ಸೋಮವಾರ ಏನಾದರೂ ಬೇರೆ ಮಾಡ್ತೀರಾ ಎಂದರೆ, ಏನೂ ಇಲ್ಲ ಮೇಡಂ, ಎಲ್ಲ ದಿನದ ಹಾಗೇ ಎಂದರು. ಬೇರೆ ಡಾಕ್ಟರ ಹತ್ತಿರ ಸೂಜಿ ಮಾತ್ರೆ ಏನಾದರೂ? ಇಲ್ಲ. ಪಿರಿಡೋಸ್ಟಿಗ್ಮಿನ್ ತಪ್ಪಿಸಿದ್ದೀರಾ? ಒಂದೂ ತಪ್ಪಿಸಿಲ್ಲ, ನೀವು ಬರೆದುಕೊಟ್ಟ ಹಾಗೇ ತಗೊಳ್ತಿದ್ದೀನಿ. ದನಿಯಲ್ಲಿ ಸ್ವಲ್ಪ ನೋವೂ ಇತ್ತು. ಅವರು ಸುಳ್ಳು ಹೇಳುವವರಲ್ಲ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಬುಧವಾರ ತಜ್ಞರಿಗೆ ಹೇಳಿದೆ. ಕಾಕತಾಳೀಯ ಇರಬಹುದು, ಹಾಸಿಗೆ ಸಿಗುವುದು ಕಷ್ಟ, ಅದನ್ನು ಕಳೆದುಕೊಳ್ಳಬೇಡಿ ಎಂದರು. ಅವರ ಮಾತು ತಪ್ಪಲ್ಲ. ಆದರೆ ಒಮ್ಮೆ ಔಷಧಿ ಸೋತಿತೆಂದು ಬರೆದರೆ ಆ ಬಾಗಿಲು ಮುಚ್ಚಿದ ಹಾಗೆ, ಮುಂದಿನ ಡೋಸಿನ ಮಾತೇ ಇಲ್ಲ. ಶನಿವಾರ ಒಂದು ದಿನ ನಾನೇ ಹೋಗಿ ಕಣ್ಣಾರೆ ನೋಡುತ್ತೇನೆ, ಅಲ್ಲಿಯವರೆಗೆ ಬರೆಯಬೇಡಿ ಎಂದೆ. ಶನಿವಾರದ ಒಪಿಡಿ ಬಿಟ್ಟು ಮಾದಿಹಳ್ಳಿಗೆ ಹೊರಟೆನೆಂದು ನಮ್ಮ ಆಸ್ಪತ್ರೆಯ ಯಜಮಾನರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ ಎಂದು ಹೊರಟೆ.

ಮನೆ ಮುಟ್ಟಿದಾಗ ಹನ್ನೆರಡೂವರೆ. ಟೀಚರ್ ಜಗಲಿಯ ಕುರ್ಚಿಯಲ್ಲಿದ್ದರು, ಗದ್ದಕ್ಕೆ ಕೈ ಆನಿಸಿ. ತಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆಯ ಎಣಿಕೆ ಹನ್ನೆರಡು ಎಂದು ಬೆರಳಿನಲ್ಲೇ ತೋರಿಸಿದರು. ನಾನು ಮನೆಯೆಲ್ಲ ಪೊಲೀಸರ ಹಾಗೆ ಹುಡುಕಿದೆ. ಮಾತ್ರೆಯ ಡಬ್ಬಿ, ಅದರ ತಾರೀಕು, ಇಟ್ಟ ಜಾಗ, ಅಡುಗೆಮನೆಯ ಕಷಾಯದ ಪುಡಿಗಳು. ಏನೂ ಸಿಗಲಿಲ್ಲ. ಅತ್ತೆಯವರು ನನ್ನನ್ನು ಸುಮ್ಮನೆ ಗಮನಿಸುತ್ತಿದ್ದವರು, ಊಟಕ್ಕೆ ಏಳಿ, ಆಮೇಲೆ ಹುಡುಕುವಿರಂತೆ ಎಂದು ಎಲೆ ಹಾಕಿದರು. ಒಂದೇ ಎಲೆ. ಮುದ್ದೆ, ಅವರೆಕಾಳು ಸಾರು, ಪಕ್ಕದಲ್ಲಿ ಮಜ್ಜಿಗೆ. ಇವರಿಗೂ ಹಾಕಿ, ಮಾತ್ರೆ ತಗೊಂಡು ನನ್ನ ಜೊತೆಗೇ ಊಟ ಮಾಡಲಿ, ನುಂಗುವುದು ಹೇಗಿದೆ ನೋಡುತ್ತೇನೆ ಎಂದೆ.

"ಅವ್ಳಿಗೆ ಇವತ್ತು ಒಪ್ಪತ್ತು ಕಣಮ್ಮ," ಎಂದರು ಅತ್ತೆ, ಸಾರಿನ ಸೌಟು ಕೈಯಲ್ಲೇ ಹಿಡಿದು. "ಶನಿವಾರ ಅಲ್ವಾ. ರಾತ್ರಿ ದೀಪ ಹಚ್ಚಿದ್ಮ್ಯಾಲೇ ಊಟ."

ಕೈ ಹಿಂದಕ್ಕೆಳೆದುಕೊಂಡು ಕೇಳಿದೆ, ಸೋಮವಾರ? ಸೋಮವಾರವೂ ಉಂಟು, ಶನಿವಾರದ್ದು ಮದುವೆಯಾಗಿ ಬಂದಾಗಿನಿಂದ ಮನೆದೇವರಿಗೆ, ಸೋಮವಾರದ್ದು ಈ ಕಾಯಿಲೆ ಬಂದ ಮೇಲೆ ಈಶ್ವರನಿಗೆ ಹೊತ್ತುಕೊಂಡದ್ದು. ಔಷಧಿ ಹಿಡಿಯಲಿಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ, ಬರುವ ವಾರದಿಂದ ಗುರುವಾರವನ್ನೂ ಹಿಡಿಯುವುದೆಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು.

ಸಿಟ್ಟು ಬಂತು. ಇಷ್ಟು ಓದಿದ್ದೀರಿ, ಮಕ್ಕಳಿಗೆ ಪಾಠ ಹೇಳುತ್ತೀರಿ, ಉಪವಾಸವಿದ್ದರೆ ಮಾತ್ರೆ ನುಂಗಬಾರದೆಂದು ಯಾವ ದೇವರು ಹೇಳಿದ್ದಾನೆ, ಮಾತ್ರೆ ನುಂಗಿದರೆ ವ್ರತ ಕೆಡುತ್ತದೆಯೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಪ್ರತಿ ಸಲ ತಿಂಡಿ ಆಯ್ತಾ ಎಂದಾಗ ಆಯ್ತು ಎನ್ನುತ್ತಿದ್ದಿರಲ್ಲ, ಅದೇನು ಎಂದೂ ಕೇಳಿದೆ. ಟೀಚರ್ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಚೀಟಿಯನ್ನು ತಂದು ನನ್ನೆದುರು ಹಿಡಿದು, ಒಂದು ಸಾಲಿನ ಮೇಲೆ ಬೆರಳಿಟ್ಟರು. ಪಿರಿಡೋಸ್ಟಿಗ್ಮಿನ್, ಒಂದೊಂದು, ಮೂರು ಹೊತ್ತು, ಊಟಕ್ಕೆ ಅರ್ಧ ಗಂಟೆ ಮೊದಲು. ಅಕ್ಷರ ನನ್ನದು, ಸಹಿ ನನ್ನದು, ಮೊಹರು ನನ್ನದು.

"ವ್ರತಕ್ಕೂ ಮಾತ್ರೆಗೂ ಸಂಬಂಧ ಇಲ್ಲ ಮೇಡಂ, ಅಷ್ಟು ನಂಗೂ ಗೊತ್ತು," ಎಂದರು. ಒಂದೊಂದು ಮಾತಿಗೂ ನಿಂತು, ಮೂಗಿನಲ್ಲಿ. "ಊಟಕ್ಕೆ ಮೊದಲು ಅಂತ ಬರೆದಿದ್ರಿ. ಊಟಾನೇ ಇಲ್ಲ ಅಂದ್ಮೇಲೆ ಯಾವುದಕ್ಕೆ ಮೊದಲು ತಗೊಳ್ಲಿ? ಫೋನಲ್ಲಿ ಬೇರೆ ಏನಾದ್ರೂ ಮಾಡ್ತೀರಾ ಅಂದ್ರಿ, ಒಪ್ಪತ್ತು ನಂಗೆ ಬೇರೆ ಅನ್ನಿಸ್ಲೇ ಇಲ್ಲ. ಆಯ್ತಾ ಅಂತ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ಇಲ್ಲ ಅಂದಿದ್ರೆ ನೀವು ಹೋಟ್ಲಿಂದ ಇಡ್ಲಿ ತರಿಸಿ ಬಲವಂತ ಮಾಡ್ತಿದ್ರಿ."

ಮಾಡುತ್ತಿದ್ದೆ, ನಿಜ. ಎರಡು ಸಲ ಡ್ರಿಪ್ಪಿನ ಹೊತ್ತಿಗೆ ಉಸಿರು ಇಳಿದದ್ದು ಔಷಧಿಯಿಂದಲ್ಲ, ಬೆಳಗಿನ ಮಾತ್ರೆ ಇಲ್ಲದ್ದರಿಂದ. ಏರಿದ್ದು ನನ್ನ ಜಾಣತನದಿಂದಲ್ಲ, ಊಟ ಉಪವಾಸ ಯಾವುದನ್ನೂ ಕೇಳದೆ ಟ್ರೇ ಹಿಡಿದು ಬಂದ ಸಿಸ್ಟರಿಂದ. ಶನಿವಾರ ರಾತ್ರಿ ಅನ್ನ ಸಿಕ್ಕಿಕೊಂಡದ್ದೂ ಹಗಲೆಲ್ಲ ಮಾತ್ರೆಯಿಲ್ಲದೆ ಸೋತ ಗಂಟಲಿನಲ್ಲೇ. ಮಾತ್ರೆಯ ಬಲದಲ್ಲಿ ಅಗಿದು ನುಂಗಲಿ ಎಂದು ನಾನು ಊಟಕ್ಕೆ ಮೊದಲು ಎಂದು ಬರೆದದ್ದು. ಎಲ್ಲರಿಗೂ ಹಾಗೇ ಬರೆಯುತ್ತೇನೆ. ನಮ್ಮಮ್ಮ ಬದುಕಿರುವವರೆಗೆ ಶನಿವಾರ ಒಪ್ಪತ್ತು ಬಿಟ್ಟವರಲ್ಲ, ಆ ಮನೆಯಲ್ಲಿ ಬೆಳೆದವಳು ನಾನು. ಈ ಸೀಮೆಯಲ್ಲಿ ಯಾವ ಮನೆಯಲ್ಲಿ ಒಂದು ವಾರ ಇಲ್ಲ? ಹಣೆ ಚಚ್ಚಿಕೊಳ್ಳಬೇಕೆನಿಸಿತು. ಬೇರೆಯವರ ಮನೆಯಲ್ಲಿ, ಎಲೆಯ ಮುಂದೆ ಕೂತು ಅದನ್ನೂ ಮಾಡುವಂತಿರಲಿಲ್ಲ. ತಪ್ಪು ನನ್ನದು ಟೀಚರ್ ಎಂದೆ, ಕೂಗಾಡಿದ್ದೂ ತಪ್ಪು ಎಂದೆ.

ಒಂದು ಲೋಟ ಹಾಲು ಕುಡಿಯಬಹುದೇ ಎಂದು ಕೇಳಿದೆ. ಹಾಲು ಹಣ್ಣಿಗೆ ಅಡ್ಡಿಯಿಲ್ಲ ಎಂದರು ಅತ್ತೆ. ಹಾಲಿನ ಜೊತೆ ಮಾತ್ರೆ ಕೊಟ್ಟು, ನಾನು ನನ್ನ ಮುದ್ದೆ ಮುಗಿಸಿದೆ. ಮುಕ್ಕಾಲು ಗಂಟೆ ಕಾದೆವು. ರೆಪ್ಪೆ ಮೊದಲು ಎದ್ದಿತು, ಆಮೇಲೆ ಕತ್ತು. ಎಣಿಸಿ ಎಂದೆ. ಇಪ್ಪತ್ತಮೂರು.

ಟೀಚರ್ ತಾವೇ ಗ್ರಾಫ್ ಹಾಳೆ ಕೇಳಿ ಇಸಿದುಕೊಂಡರು. ನಾನು ವಾರ ಬರೆದದ್ದನ್ನು ನೋಡಿ, ರಬ್ಬರು ತೆಗೆದುಕೊಂಡು ಗೆರೆಗಳನ್ನೆಲ್ಲ ಅಳಿಸಿದರು. ಶನಿವಾರ ಸೋಮವಾರದ ಚುಕ್ಕಿಗಳಿಗೆ ಸುತ್ತು ಹಾಕಿ ಬಿಟ್ಟು, ಉಳಿದವನ್ನು ಜೋಡಿಸುತ್ತ ಹೋದರು. ಹದಿನಾರು, ಹದಿನೇಳು, ಆಮೇಲೆ ಹತ್ತೊಂಬತ್ತು, ಇಪ್ಪತ್ತೊಂದು. ಗೆರೆ ಹಾಳೆಯ ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಹೋಯಿತು, ನಿಧಾನವಾಗಿ, ಒಂದು ಕಡೆಯೂ ಕೆಳಗೆ ಬೀಳದೆ. ಪೆನ್ಸಿಲ್ ಕೆಳಗಿಟ್ಟು, "ಔಷಧಿ ಹಿಡೀತಾ ಇತ್ತು ಅತ್ತೆ," ಎಂದು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅತ್ತೆ ಹತ್ತಿರ ಬಂದು ಸೊಸೆಯ ತಲೆಯ ಮೇಲೆ ಕೈಯಿಟ್ಟು ನಿಂತರು. ನಾನು ಅಂಗಳಕ್ಕೆ ಎದ್ದುಹೋದೆ.

ಅಲ್ಲಿಂದಲೇ ತಜ್ಞರಿಗೆ ಫೋನ್ ಮಾಡಿದೆ. ಅವರು ಕೇಳಿ ನಕ್ಕರು. ನಗುವುದಕ್ಕೇನಿದೆ ಎಂದು ನನಗೆ ರೇಗಿತು. ನೀವು ಇದನ್ನು ಕೇಳಲಿಲ್ಲವೇ ಎಂದರು. ನೀವೂ ಕೇಳಲಿಲ್ಲ ಎಂದೆ. ಸೋಮವಾರದ ಹಾಸಿಗೆ ಬೇಡವೆಂದಾಯಿತು, ಸೋತಿತು ಎಂಬ ಮಾತನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ.

ಒಳಗೆ ಬಂದು ಹೊಸ ಚೀಟಿ ಬರೆದೆ. ಬೆಳಿಗ್ಗೆ ಏಳು, ಹನ್ನೊಂದು, ಮೂರು, ಸಂಜೆ ಏಳು. ಊಟವಿರಲಿ ಬಿಡಲಿ. ಉಪವಾಸವನ್ನೇ ಬಿಟ್ಟುಬಿಡಿ ಎಂದೂ ಹೇಳಿ ನೋಡಿದೆ. ಟೀಚರ್ ಗೋಡೆ ನೋಡಿದರು. ಆಗ ಅತ್ತೆಯೇ ಮಧ್ಯೆ ಬಂದರು.

"ಒಪ್ಪತ್ತು ಅಂದ್ರೆ ಒಂದ್ ಹೊತ್ತು ಉಣ್ಣೋದು ಕಣಮ್ಮ. ರಾತ್ರೀಗೇ ಉಣ್ಬೇಕು ಅಂತ ಏನೈತೆ? ಮಧ್ಯಾಹ್ನ ನನ್ ಕಣ್ಮುಂದೆ ಉಂಡ್ಕಳ್ಳಿ. ಗುರುವಾರ ಬ್ಯಾಡ. ಅದು ನಂಗೆ ಇರ್ಲಿ."

ನಾನು ವಾದ ಮಾಡಲಿಲ್ಲ. ಹಾಲು ಬಾಳೆಹಣ್ಣಿನ ಜೊತೆ ಮಾತ್ರೆ, ಮಧ್ಯಾಹ್ನ ಊಟ ಎಂದು ಚೀಟಿಯಲ್ಲಿ ಸೇರಿಸಿದೆ. ಟೀಚರ್ ಅದನ್ನು ಎರಡು ಸಲ ಓದಿ, ಬಸ್ಸಿನಲ್ಲಿ ಹೋಗುವಾಗ ಹನ್ನೊಂದಾದರೆ ಏನು ಮಾಡಬೇಕು ಎಂದು ಕೇಳಿದರು. ಬಸ್ಸಿನಲ್ಲೇ ನುಂಗಿ ಎಂದು ಅದನ್ನೂ ಬರೆದುಕೊಟ್ಟೆ.

ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಿದ್ದೆ. ಮೂರು ವಾರ 'ಎಲ್ಲ ಸರಿ ಇದೆ' ಎಂದು ಮೆಸೇಜು, ಜೊತೆಗೆ ಎಣಿಕೆ, ಅಷ್ಟೆ. ನಾಲ್ಕನೇ ಸೋಮವಾರ ಸಂಜೆ ಐದೂವರೆಗೆ, ಹೊರಗೆ ಹದಿನೈದು ಜನ ಕಾದಿರುವಾಗ ಫೋನ್ ಬಂತು. ಟೀಚರ್ ಬೆಳಿಗ್ಗೆ ಅರಸೀಕೆರೆಗೆ ಬಂದಿದ್ದರಂತೆ. ತಜ್ಞರು ಆ ಸೋಮವಾರ ಸಿಗುವುದಿಲ್ಲ ಎಂದಿದ್ದರಿಂದ ನಾನು ಅವರ ದಿನವನ್ನು ಮಂಗಳವಾರಕ್ಕೆ ಬದಲಾಯಿಸಿ ಸಿಸ್ಟರಿಗೆ ಹೇಳಿದ್ದೆ, ಸಿಸ್ಟರ್ ಇವರಿಗೆ ಹೇಳುವುದನ್ನು ಮರೆತಿದ್ದರು. ನಾನು ಹಾಸನಕ್ಕೆ ಹೋಗಿದ್ದೆ, ಕೋಣೆಗೆ ಬೀಗ. ಬಸ್ಸಿನಲ್ಲಿ ಜಾವಗಲ್ಲಿನವರೆಗೆ ನಿಂತುಕೊಂಡು ಬಂದವರು ಹಾಗೇ ವಾಪಸು ಹೋಗಿದ್ದರು.

"ಒಂದು ಫೋನ್ ಮಾಡೋಕೆ ಏನ್ ಕಷ್ಟ ಮೇಡಂ ನಿಮ್ಗೆ?" ಎಂದು ಶುರುಮಾಡಿದರು. ಆಸ್ಪತ್ರೆಯ ವ್ಯವಸ್ಥೆ, ಹೇಳುವವರಿಲ್ಲ ಕೇಳುವವರಿಲ್ಲ, ಮೂರು ಸಾಲು ತಪ್ಪಿಲ್ಲದೆ ಬರೆಯಲು ಬಾರದ ಡಾಕ್ಟರುಗಳು, ನನ್ನ ಹಳೆಯ ಚೀಟಿಯ ಹಾಗೆ ಹತ್ತನೇ ಕ್ಲಾಸಿನ ಹುಡುಗ ಉತ್ತರ ಬರೆದಿದ್ದರೆ ತಾವು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ ಎಂಬುದು, ಒಂದಾದ ಮೇಲೊಂದು ಬಂತು. ಸಿಸ್ಟರ್ ಬಾಗಿಲಲ್ಲಿ ಇಣುಕಿ ಮುಂದಿನವರನ್ನು ಕಳಿಸಲೇ ಎಂದು ಸನ್ನೆ ಮಾಡಿದರು, ಬೇಡವೆಂದು ಕೈ ಆಡಿಸಿದೆ. ಗಡಿಯಾರ ನೋಡಿದೆ, ಹನ್ನೊಂದು ನಿಮಿಷವಾಗಿತ್ತು. ದನಿ ಒಂದು ಮಾತಿಗೂ ಮೂಗಿಗೆ ಜಾರಿರಲಿಲ್ಲ, ಉಸಿರಿಗಾಗಿ ಎಲ್ಲಿಯೂ ನಿಂತಿರಲಿಲ್ಲ. ಸೋಮವಾರ ಸಂಜೆ, ಅದೂ ಒಪ್ಪತ್ತಿನ ದಿನ. ನಾನು ಕುರ್ಚಿಯನ್ನು ಹಿಂದಕ್ಕೆಳೆದು ಸರಿಯಾಗಿ ಕೂತೆ, ಅವರು ಮುಗಿಸುವವರೆಗೂ ಬೈಸಿಕೊಂಡೆ.